2147483647 ಅವಿಭಾಜ್ಯವೇ? ನೀವೇ ಪರೀಕ್ಷೆ ಮಾಡಿ ನೋಡಿ

ದೊಡ್ಡ ಸಂಖ್ಯೆಯೊಂದು ಅವಿಭಾಜ್ಯ ಅಂತ ಹೇಗೆ ಗೊತ್ತಾಗುತ್ತದೆ? ಒಂದೊಂದಾಗಿ ಭಾಗಿಸುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ? ಅವಿಭಾಜ್ಯ ಅಂತ ತಿಳಿದರೂ ಅದರಿಂದ ಮುಂದೇನು? ಗಣಿತದ ಬಗ್ಗೆ ಏನೇ ಬರೆದರೂ ಓದುಗರಿಂದ ಈ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಬಿಡಿ ಬಿಡಿಯಾಗಿ ಉತ್ತರ ಕೊಡುವ ಬದಲು ಒಂದೇ ಸಂಖ್ಯೆ ಹಿಡಿದು ಕೊನೆತನಕ ಹೋಗೋಣ.

ಆ ಸಂಖ್ಯೆ 2147483647. ನಮ್ಮ ಲೆಕ್ಕದಲ್ಲಿ ಹೇಳಿದರೆ 214 ಕೋಟಿ 74 ಲಕ್ಷ 83 ಸಾವಿರದ 647. ಇದನ್ನೇ ಆರಿಸಲು ಕಾರಣ ಇದೆ. ಹತ್ತೇ ಅಂಕಿ ಇರುವುದರಿಂದ ಪ್ರತಿ ಹೆಜ್ಜೆಯನ್ನೂ ನೀವೇ ತಾಳೆ ನೋಡಬಹುದು. ಕಂಪ್ಯೂಟರ್ ಇಲ್ಲದ ಕಾಲದಲ್ಲೇ, 1772ರ ಹೊತ್ತಿಗೆ, ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದನ್ನು ಅವಿಭಾಜ್ಯ ಅಂತ ಸಾಧಿಸಿ ಡೇನಿಯಲ್ ಬರ್ನೂಲಿಗೆ ಕಾಗದ ಬರೆದರು. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಮುಂದೆ ಸುಮಾರು ಒಂದು ಶತಮಾನ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. ಈ ಸಂಖ್ಯೆ ಈಗಲೂ ನಮ್ಮ ಫೋನು, ಕಂಪ್ಯೂಟರುಗಳ ಒಳಗೆ ದಿನಾ ಓಡಾಡಿಕೊಂಡಿದೆ.

ಬೇಕಾಗುವುದು

ಪೆನ್ನು, ಹಾಳೆ, ಮತ್ತೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇರುವ ಒಂದು ಕಂಪ್ಯೂಟರ್ ಅಥವಾ ಫೋನ್. ಪೈಥಾನ್ ಕಲಿತಿರಬೇಕಾಗಿಲ್ಲ. ಅದನ್ನು ಕ್ಯಾಲ್ಕುಲೇಟರ್ ಥರ ಬಳಸಿದರೆ ಸಾಕು. ಪೈಥಾನೇ ಯಾಕೆ ಅಂದರೆ, ಅದು ಎಷ್ಟೇ ದೊಡ್ಡ ಪೂರ್ಣಸಂಖ್ಯೆಯನ್ನೂ ಒಂದಂಕಿ ಬಿಡದೆ ಇಟ್ಟುಕೊಳ್ಳುತ್ತದೆ. ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಸೊನ್ನೆ ಮಾಡಿಬಿಡುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 9007199254740991 ದಾಟಿದರೆ ನಂಬಿಕೆಗೆ ಅರ್ಹವಲ್ಲ. ನಮ್ಮ ಲೆಕ್ಕದ ನಡುವೆ 19 ಅಂಕಿಯ ಸಂಖ್ಯೆಗಳು ಬರುತ್ತವೆ. ಅಲ್ಲಿ ಕೊನೆಯ ಅಂಕಿ ಒಂದು ತಪ್ಪಿದರೂ ಉತ್ತರ ಕೆಡುತ್ತದೆ.

ಎರಡು ಪದ ನೆನಪಿರಲಿ. ಒಂದಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ ಅವಿಭಾಜ್ಯ. ಹಾಗಲ್ಲದೆ ಬೇರೆ ಅಪವರ್ತನ ಇದ್ದರೆ ಅದು ಸಂಯುಕ್ತ ಸಂಖ್ಯೆ. ಇನ್ನು ಶೇಷದ ಲೆಕ್ಕ. ಗಡಿಯಾರದಲ್ಲಿ ಹತ್ತು ಗಂಟೆಗೆ ಐದು ಗಂಟೆ ಕೂಡಿದರೆ ಮೂರು ಗಂಟೆ, ಅಲ್ವಾ? 12 ದಾಟಿದ್ದನ್ನು ಎಸೆದು ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಈ ಲೇಖನದಲ್ಲಿ 12ರ ಜಾಗಕ್ಕೆ 2147483647 ಬರುತ್ತದೆ, ಅಷ್ಟೇ. ಪೈಥಾನ್‌ನಲ್ಲಿ ಶೇಷಕ್ಕೆ % ಚಿಹ್ನೆ.

ಹಂತ 1: ಸಂಖ್ಯೆಯ ಆಕಾರ ನೋಡಿ

ಪರೀಕ್ಷೆಗೆ ಇಳಿಯುವ ಮೊದಲು ಸಂಖ್ಯೆಗೆ ಏನಾದರೂ ವಿಶೇಷ ರೂಪ ಇದೆಯಾ ನೋಡಿ. ತುಂಬ ಜನ ಇದನ್ನು ಬಿಟ್ಟು ನೇರ ಭಾಗಾಕಾರಕ್ಕೆ ಹೋಗುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ನಮ್ಮ ಸಂಖ್ಯೆಗೆ 1 ಕೂಡಿಸಿ. 2147483648 ಬಂತು. ಇದನ್ನು ಎರಡರಿಂದ ಭಾಗಿಸುತ್ತಾ ಹೋಗಿ. 31 ಸಲ ಭಾಗಿಸಿದ ಮೇಲೆ 1 ಉಳಿಯುತ್ತದೆ. ಅಂದರೆ ನಮ್ಮ ಸಂಖ್ಯೆ 2³¹ − 1. ಎರಡರ ಘಾತದಿಂದ ಒಂದು ಕಳೆದ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತ ಹೆಸರು. ಮರಾಂ ಮರ್ಸೆನ್ ಫ್ರಾನ್ಸ್‌ನ ಒಬ್ಬ ಪಾದ್ರಿ. ಘಾತಾಂಕ ಯಾವುದಿದ್ದರೆ ಇವು ಅವಿಭಾಜ್ಯ ಆಗುತ್ತವೆ ಅಂತ 1644ರಲ್ಲಿ ಒಂದು ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. ಆದರೆ 31 ಸರಿ.

ಪೈಥಾನ್‌ನಲ್ಲಿ ಟೈಪ್ ಮಾಡುವಾಗ ಎರಡು ಎಚ್ಚರಿಕೆ. ಘಾತಕ್ಕೆ ಎರಡು ನಕ್ಷತ್ರ ಹಾಕಬೇಕು: 2**31 - 1. ಗೋಪುರದ ಚಿಹ್ನೆ ಹಾಕಿ 2^31 - 1 ಅಂದರೆ 28 ಅಂತ ಬರುತ್ತದೆ. ಅಲ್ಲಿ ಆ ಚಿಹ್ನೆಯ ಅರ್ಥವೇ ಬೇರೆ. ಎರಡನೆಯದು ಬ್ರ್ಯಾಕೆಟ್. 2**31 - 1 % 311 ಅಂದರೆ ಮೊದಲು 1 % 311 ಲೆಕ್ಕವಾಗುತ್ತದೆ. (2**31 - 1) % 311 ಅಂತಲೇ ಬರೆಯಿರಿ. ಉತ್ತರ 35 ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಇನ್ನೊಂದು ಮಾತು. ಘಾತಾಂಕ ಸಂಯುಕ್ತವಾದರೆ ಮರ್ಸೆನ್ ಸಂಖ್ಯೆಯೂ ಸಂಯುಕ್ತ. ಉದಾಹರಣೆಗೆ 2¹⁵ − 1 ಅಂದರೆ 32767. ಅದನ್ನು 2³ − 1 ಮತ್ತು 2⁵ − 1, ಅಂದರೆ 7 ಮತ್ತು 31 ಭಾಗಿಸುತ್ತವೆ. ಆದರೆ ಇದನ್ನು ತಿರುಗಿಸಿ ಹೇಳಬೇಡಿ! ಘಾತಾಂಕ ಅವಿಭಾಜ್ಯ ಆದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯ ಆಗುವುದಿಲ್ಲ. 2¹¹ − 1 = 2047 = 23 × 89. ಈ 2047 ಅನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಮೂರು ಸಲ ಬೇಕಾಗುತ್ತದೆ.

ಹಂತ 2: ಸಣ್ಣ ಸಂಖ್ಯೆಗಳ ಜರಡಿ

ಇದು ಶಾಲೆಯ ಲೆಕ್ಕ. ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5 ಭಾಗಿಸುವುದಿಲ್ಲ. ಅಂಕಿಗಳನ್ನು ಕೂಡಿದರೆ 46, ಹಾಗಾಗಿ 3 ಭಾಗಿಸುವುದಿಲ್ಲ. 11ಕ್ಕೆ ಬಲದಿಂದ ಒಂದು ಕೂಡಿ ಒಂದು ಕಳೆಯಿರಿ: 7−4+6−3+8−4+7−4+1−2 = 12, ಶೇಷ 1. ಮುಂದೆ ಹೋಗೋಣ.

ಹಂತ 3: ಎಲ್ಲಿತನಕ ಭಾಗಿಸಬೇಕು?

ವರ್ಗಮೂಲದ ತನಕ ಸಾಕು. ಸಂಖ್ಯೆಯನ್ನು ಎರಡು ಅಪವರ್ತನಗಳಾಗಿ ಒಡೆದರೆ ಅವೆರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. 46340ರ ವರ್ಗ 2147395600. 46341ರ ವರ್ಗ 2147488281, ಅದು ನಮ್ಮ ಸಂಖ್ಯೆಯನ್ನು ದಾಟಿತು. ಹಾಗಾಗಿ ಗಡಿ 46340. ಅಲ್ಲಿವರೆಗಿನ ಅವಿಭಾಜ್ಯಗಳು ಸುಮಾರು 4,800. ಪೈಥಾನ್‌ಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ.

ಆದರೆ ಜಾವಾದಂಥ ಭಾಷೆಯಲ್ಲಿ ಬರೆಯುವವರು ಸ್ವಲ್ಪ ನಿಲ್ಲಿ. ಈ ಸಂಖ್ಯೆಗೆಂದೇ ಕಾದಿರುವ ಒಂದು ಗುಂಡಿ ಇಲ್ಲಿದೆ. 32 ಬಿಟ್‌ಗಳ ಸಾಮಾನ್ಯ ಪೂರ್ಣಸಂಖ್ಯೆಯಲ್ಲಿ ಒಂದು ಬಿಟ್, ಅಂದರೆ 0 ಅಥವಾ 1 ಹಿಡಿಸುವ ಒಂದು ಜಾಗ, ಋಣ-ಧನ ಚಿಹ್ನೆಗೆ ಹೋಗುತ್ತದೆ. ಉಳಿದ 31 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ 2147483647. ಅದಕ್ಕೆ ಒಂದು ಕೂಡಿಸಿದರೆ ಜಾವಾದಲ್ಲಿ −2147483648 ಅಂತ ಬರುತ್ತದೆ. ಈಗ ಎಲ್ಲರೂ ಬರೆಯುವ ಪ್ರೋಗ್ರಾಂ ನೆನೆಸಿಕೊಳ್ಳಿ. ಭಾಜಕವನ್ನು ಎರಡರಿಂದ ಶುರುಮಾಡಿ, ಅದರ ವರ್ಗ ನಮ್ಮ ಸಂಖ್ಯೆಯನ್ನು ದಾಟುವ ತನಕ ಭಾಗಿಸುತ್ತಾ ಹೋಗು ಅಂತ ತಾನೇ? ಭಾಜಕ 46341 ಆದಾಗ ಅದರ ವರ್ಗ ಆ 32 ಬಿಟ್ ಡಬ್ಬಿಯಲ್ಲಿ ಹಿಡಿಸದೆ ಋಣಸಂಖ್ಯೆ ಆಗಿಬಿಡುತ್ತದೆ. ಋಣಸಂಖ್ಯೆ ಚಿಕ್ಕದೇ ಅಲ್ವಾ? ಅದಕ್ಕೆ ಪ್ರೋಗ್ರಾಂ ನಿಲ್ಲುವುದಿಲ್ಲ. 31 ಬಿಟ್ ದಾಟಿದ ವರ್ಗ ಆ ಡಬ್ಬಿಯಲ್ಲಿ ಯಾವತ್ತೂ ಇರಲಾರದು. ಹಾಗಾಗಿ ಅದು ಭಾಗಿಸುತ್ತಾ ಭಾಗಿಸುತ್ತಾ ಕೊನೆಗೆ 2147483647ಕ್ಕೇ ಬರುತ್ತದೆ. ತನ್ನಿಂದ ತಾನು ಭಾಗವಾಯಿತು. "ಅವಿಭಾಜ್ಯ ಅಲ್ಲ" ಅಂತ ತೀರ್ಪು ಕೊಡುತ್ತದೆ! ಬೇರೆ ಸಂಖ್ಯೆಗಳಿಗೆಲ್ಲ ಸರಿಯಾಗಿ ಓಡಿದ ಪ್ರೋಗ್ರಾಂ ಇಲ್ಲಿ ಮಾತ್ರ ತಪ್ಪು ಹೇಳಿದರೆ ಮೊದಲು ಇದನ್ನೇ ಅನುಮಾನಿಸಿ. ಪರಿಹಾರ ಸುಲಭ: 64 ಬಿಟ್ ಪೂರ್ಣಸಂಖ್ಯೆ ಬಳಸಿ.

ಇದೇ ಗಡಿಯಿಂದಾಗಿ 2038ನೇ ಇಸವಿಯ ತೊಡಕೂ ಹುಟ್ಟಿದೆ. ಹಳೆಯ ಯುನಿಕ್ಸ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ಆ ಎಣಿಕೆ 2147483647 ಮುಟ್ಟುವುದು 2038ರ ಜನವರಿ 19, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ.

ಹಂತ 4: ಆಯ್ಲರ್ ಹಿಡಿದ ಒಳದಾರಿ

ಕೈಲೆಕ್ಕಕ್ಕೆ 4,800 ಭಾಗಾಕಾರ ಜಾಸ್ತಿಯೇ. ಆಯ್ಲರ್ ಇದನ್ನು 372ಕ್ಕೆ ಇಳಿಸಿದರು. ಹೇಗೆ ಅಂತ ನಿಧಾನವಾಗಿ ನೋಡಿ. ಇಡೀ ಲೇಖನದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು.

ಯಾವುದೋ ಒಂದು ಅವಿಭಾಜ್ಯ "ಭ" ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಆಗ 2³¹ ಅನ್ನು ಭ ಇಂದ ಭಾಗಿಸಿದರೆ ಶೇಷ 1. ಎರಡನ್ನು ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಮೊದಲ ಸಲ ಶೇಷ 1 ಬರುವುದು ಎಷ್ಟನೇ ಸಲಕ್ಕೆ? ಆ ಎಣಿಕೆ 31 ಅನ್ನು ಭಾಗಿಸಲೇಬೇಕು. 31 ಅವಿಭಾಜ್ಯ. ಹಾಗಾಗಿ ಅದು 1 ಅಥವಾ 31. ಒಂದೇ ಸಲಕ್ಕೆ ಬಂದರೆ 2ರ ಶೇಷವೇ 1 ಆಗಬೇಕು, ಅದು ಆಗದ ಮಾತು. ಉಳಿದದ್ದು 31.

ಈಗ ಪಿಯರ್ ದ ಫರ್ಮಾ 1640ರಲ್ಲಿ ಹೇಳಿದ ನಿಯಮ ತನ್ನಿ. ಭ ಅವಿಭಾಜ್ಯವಾಗಿದ್ದರೆ, ಅದರಿಂದ ಭಾಗವಾಗದ ಯಾವುದೇ ಸಂಖ್ಯೆಯ (ಭ − 1)ನೇ ಘಾತದ ಶೇಷ 1. ಅಂದಮೇಲೆ ಎಣಿಕೆ 31 ಅನ್ನುವುದು ಭ − 1 ಅನ್ನು ಭಾಗಿಸಬೇಕು. ಭ ಬೆಸ ಸಂಖ್ಯೆ, ಹಾಗಾಗಿ ಭ − 1 ಸಮ. ಎರಡನ್ನೂ ಸೇರಿಸಿದರೆ 62 ಅದನ್ನು ಭಾಗಿಸುತ್ತದೆ. ಅಂದರೆ ಭ ಯಾವಾಗಲೂ 62ಕ + 1 ರೂಪದಲ್ಲೇ ಇರಬೇಕು. ಇಲ್ಲಿ ಕ ಯಾವುದೋ ಪೂರ್ಣಸಂಖ್ಯೆ.

ಇನ್ನೂ ಒಂದು ಜರಡಿ ಇದೆ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ. ಹೀಗೆ ಒಂದು ವರ್ಗಸಂಖ್ಯೆಯ ಶೇಷ 2 ಆಗಬೇಕಿದ್ದರೆ ಭ ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಿರಬೇಕು ಅನ್ನುವುದು ಇನ್ನೊಂದು ಪ್ರಮೇಯ. ಎರಡೂ ಷರತ್ತು ಒಟ್ಟಿಗೆ ಹಾಕಿದರೆ ಎರಡೇ ರೂಪ ಉಳಿಯುತ್ತವೆ:

248ಕ + 1 ಮತ್ತು 248ಕ + 63.

46340ರ ಒಳಗೆ ಮೊದಲ ರೂಪದವು 186. ಎರಡನೆಯ ರೂಪದವು, 63 ಅನ್ನು ಬಿಟ್ಟರೆ, 186. ಒಟ್ಟು 372. ಅವುಗಳಲ್ಲೂ ತುಂಬ ಸಂಖ್ಯೆಗಳು ಸಂಯುಕ್ತ, ಅವನ್ನು ಕೈಬಿಡಬಹುದು. 249 ಮೂರರಿಂದ ಹೋಗುತ್ತದೆ, 497 ಏಳರಿಂದ, 745 ಐದರಿಂದ. ನಿಜವಾಗಿ ಭಾಗಿಸಬೇಕಾದ ಮೊದಲ ಮೂರು: 311, 1303, 1489. ಶೇಷ ಕ್ರಮವಾಗಿ 35, 226, 199 ಬರಬೇಕು. ನೀವು ಹಾಳೆಯ ಮೇಲೆ ಮಾಡಿ ತಾಳೆ ನೋಡಿ. ಉಳಿದವನ್ನು ಪೈಥಾನ್‌ಗೆ ಬಿಡಿ. ಎಲ್ಲೂ ಶೇಷ ಸೊನ್ನೆ ಬರುವುದಿಲ್ಲ.

ಕ್ಯಾಲ್ಕುಲೇಟರ್‌ನಲ್ಲಿ ಮಾಡುವವರಿಗೆ: 2147483647 ÷ 311 ಅಂದರೆ 6905092.11… ಬರುತ್ತದೆ. ದಶಾಂಶದ ಭಾಗ ನೋಡಿ ತೀರ್ಮಾನ ಮಾಡಬೇಡಿ. 6905092 × 311 ಲೆಕ್ಕ ಹಾಕಿ ಕಳೆಯಿರಿ. ಶೇಷ ಅನ್ನುವುದು ಪೂರ್ಣಸಂಖ್ಯೆ, ಅದನ್ನು ಹಾಗೇ ಪಡೆಯಿರಿ.

ಹಂತ 5: ಫರ್ಮಾ ಪರೀಕ್ಷೆ, ಅದು ಮೋಸ ಮಾಡುವ ಜಾಗ

ಮೇಲಿನ ಫರ್ಮಾ ನಿಯಮವನ್ನೇ ಪರೀಕ್ಷೆಯಾಗಿ ಬಳಸಬಹುದು. 3ರ 2147483646ನೇ ಘಾತ ತೆಗೆದುಕೊಂಡು 2147483647ರಿಂದ ಭಾಗಿಸಿ. ಶೇಷ 1 ಬರದಿದ್ದರೆ ಸಂಖ್ಯೆ ಖಂಡಿತ ಸಂಯುಕ್ತ. ಬಂದರೆ ಅವಿಭಾಜ್ಯ ಇರಬಹುದು. "ಇರಬಹುದು" ಅಷ್ಟೇ.

ಮಾಡುವಾಗ ಮೊದಲು ಘಾತ, ಆಮೇಲೆ ಶೇಷ ಅಂತ ಹೋಗಬೇಡಿ. ಆ ಘಾತಕ್ಕೆ ನೂರು ಕೋಟಿಗೂ ಜಾಸ್ತಿ ಅಂಕಿ ಇರುತ್ತವೆ, ಕಂಪ್ಯೂಟರ್ ಕೂತುಬಿಡುತ್ತದೆ. ಪೈಥಾನ್‌ನಲ್ಲಿ ಪಿ, ಓ, ಡಬ್ಲ್ಯು ಅಕ್ಷರಗಳ ಒಂದು ಫಂಕ್ಷನ್ ಇದೆ. ಅದರ ಬ್ರ್ಯಾಕೆಟ್ ಒಳಗೆ ಮೂರು ಸಂಖ್ಯೆ ಕೊಡಿ: ಆಧಾರ, ಘಾತಾಂಕ, ಭಾಜಕ. ಅದು ಪ್ರತಿ ಗುಣಾಕಾರಕ್ಕೂ ಶೇಷ ತೆಗೆಯುತ್ತಾ, ವರ್ಗ ಮಾಡುತ್ತಾ ಹೋಗುತ್ತದೆ. ಕೆಲವೇ ಡಜನ್ ಗುಣಾಕಾರಗಳಲ್ಲಿ ಕೆಲಸ ಮುಗಿಯುತ್ತದೆ. ಇಲ್ಲಿ ಉತ್ತರ 1.

ಮೋಸ ಎಲ್ಲಿದೆ? 341 = 11 × 31. ಆದರೂ 2³⁴⁰ ಅನ್ನು 341ರಿಂದ ಭಾಗಿಸಿದರೆ ಶೇಷ 1. 561 = 3 × 11 × 17 ಇನ್ನೂ ಕಿಲಾಡಿ. ತನ್ನೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ ಎಲ್ಲ ಆಧಾರಗಳಿಗೂ ಅದು ಅವಿಭಾಜ್ಯದ ಹಾಗೆ ನಟಿಸುತ್ತದೆ. ಮರ್ಸೆನ್ ಸಂಖ್ಯೆಗಳ ವಿಷಯದಲ್ಲಂತೂ 2 ಅನ್ನು ಆಧಾರವಾಗಿ ಇಟ್ಟುಕೊಂಡರೆ ಪರೀಕ್ಷೆಯೇ ವ್ಯರ್ಥ. ಘಾತಾಂಕ ಅವಿಭಾಜ್ಯವಾದ ಯಾವ ಮರ್ಸೆನ್ ಸಂಖ್ಯೆಯಾದರೂ, ಸಂಯುಕ್ತವೇ ಆಗಿರಲಿ, ಪಾಸಾಗಿಬಿಡುತ್ತದೆ. ನಮ್ಮ 2047 ಹಾಕಿ ನೋಡಿ: 2²⁰⁴⁶ರ ಶೇಷ 1. ಅದೇ ಆಧಾರ 3 ಕೊಟ್ಟರೆ ಬಣ್ಣ ಬಯಲಾಗುತ್ತದೆ. ಹಾಗಾಗಿ ಇಂಥ ಸಂಖ್ಯೆಗಳಿಗೆ 3ರಿಂದ ಶುರುಮಾಡಿ.

ಹಂತ 6: ಲೂಕಾ–ಲೇಮರ್ ಪರೀಕ್ಷೆ

ಸಂಖ್ಯೆಯ ಆಕಾರ ಗೊತ್ತಿದ್ದರೆ ಸಿಗುವ ಬಹುಮಾನ ಇದು. 1876ರಲ್ಲಿ ಫ್ರಾನ್ಸ್‌ನ ಎಡ್ವರ್ಡ್ ಲೂಕಾ ಇದರ ಮೂಲ ರೂಪ ಬಳಸಿ 39 ಅಂಕಿಯ 2¹²⁷ − 1 ಅವಿಭಾಜ್ಯ ಅಂತ ತೋರಿಸಿದರು. 1930ರ ದಶಕದಲ್ಲಿ ಅಮೆರಿಕದ ಡಿ. ಎಚ್. ಲೇಮರ್ ಅದನ್ನು ಈಗಿನ ಸರಳ ರೂಪಕ್ಕೆ ತಂದರು. ಇದು "ಇರಬಹುದು" ಅನ್ನುವ ಪರೀಕ್ಷೆ ಅಲ್ಲ, ಸಾಧನೆಯೇ, ಅಂದರೆ ಪೂರ್ತಿ ರುಜುವಾತು.

ವಿಧಾನ ಇಷ್ಟು. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, 2147483647ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ, ಅಂದರೆ ಇಲ್ಲಿ 29 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ. ಘಾತಾಂಕ 2 ಒಂದನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಇದು ನಡೆಯುತ್ತದೆ.

ಮೊದಲು ಸಣ್ಣದರಲ್ಲಿ ಕೈ ಪಳಗಿಸಿ. 2⁵ − 1 = 31ಕ್ಕೆ ಮೂರು ಸಲ: 4, 14, 8, 0. ಸೊನ್ನೆ ಬಂತು. 2047ಕ್ಕೆ ಒಂಬತ್ತು ಸಲ: 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ, ಅದು ಸಂಯುಕ್ತ. ಗಮನಿಸಿದಿರಾ? 23 × 89 ಅನ್ನುವ ಸುಳಿವನ್ನೇ ಕೊಡದೆ ಪರೀಕ್ಷೆ ಬರೀ "ಸಂಯುಕ್ತ" ಅಂತ ಹೇಳಿ ಸುಮ್ಮನಾಯಿತು. ಅಪವರ್ತನ ಹುಡುಕುವುದು ಬೇರೆಯೇ ಕಷ್ಟ.

ಈಗ ನಮ್ಮ ಸಂಖ್ಯೆ. ಮೊದಲ ಸಾಲು ಹೀಗಿರಬೇಕು:

4, 14, 194, 37634, 1416317954, 669670838, 1937259419 …

ಎಕ್ಸೆಲ್‌ನಲ್ಲಿ ಮಾಡಿದವರಿಗೆ ಎಡವುವುದು 669670838ರ ಹತ್ತಿರ. 1416317954ರ ವರ್ಗಕ್ಕೆ 19 ಅಂಕಿ ಇವೆ. ಅಲ್ಲಿ ಬೇರೆ ಉತ್ತರ ಬಂದರೆ ತಪ್ಪು ನಿಮ್ಮದಲ್ಲ, ಸಾಧನ ಬದಲಾಯಿಸಿ. 64 ಬಿಟ್ ಪೂರ್ಣಸಂಖ್ಯೆಯಲ್ಲಾದರೆ ಸರಿಯಾಗಿ ಹಿಡಿಸುತ್ತದೆ.

28ನೇ ಸಲ ಮಾಡಿದ ಮೇಲೆ 65536 ಬರುತ್ತದೆ. ಇಲ್ಲಿ ಕಂಪ್ಯೂಟರ್ ಬದಿಗಿಟ್ಟು ಕೊನೆಯ ಹೆಜ್ಜೆ ನೀವೇ ಇಡಿ. 65536 ಅಂದರೆ 2¹⁶. ಅದರ ವರ್ಗ 2³². 2³¹ರ ಶೇಷ 1 ಆದ್ದರಿಂದ 2³²ರ ಶೇಷ 2. ಎರಡು ಕಳೆಯಿರಿ. ಸೊನ್ನೆ!

ಶೇಷ ತೆಗೆಯಲು ಭಾಗಾಕಾರವೂ ಬೇಕಾಗಿಲ್ಲ. 9ರ ಶೇಷಕ್ಕೆ ಅಂಕಿಗಳನ್ನು ಕೂಡುತ್ತೇವಲ್ಲ, ಅಲ್ಲಿ 10ರ ಶೇಷ 1 ಅನ್ನುವುದೇ ಗುಟ್ಟು. ಇಲ್ಲಿ 2³¹ರ ಶೇಷ 1. ಆದ್ದರಿಂದ ಯಾವುದೇ ದೊಡ್ಡ ಸಂಖ್ಯೆಯನ್ನು ದ್ವಿಮಾನದಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ ಬರೆದು, ಬಲದಿಂದ 31 ಅಂಕಿಗೆ ಕತ್ತರಿಸಿ ತುಂಡುಗಳನ್ನು ಕೂಡಿದರಾಯಿತು. ಮೊತ್ತ ಮತ್ತೆ ದೊಡ್ಡದಾದರೆ ಇನ್ನೊಮ್ಮೆ ಕತ್ತರಿಸಿ. ಒಂದೇ ಎಚ್ಚರ: ಕೊನೆಗೆ ಮೊತ್ತ ಸರಿಯಾಗಿ 2147483647 ಆಗಿ ನಿಂತರೆ ಅದು ಸೊನ್ನೆ ಅಂತಲೇ ಅರ್ಥ. ಇದನ್ನು ಮರೆತು "ಸೊನ್ನೆ ಬರಲಿಲ್ಲ" ಅಂದುಕೊಳ್ಳುವವರು ಜಾಸ್ತಿ.

ಹಂತ 7: ಒಂದು ಕಳೆದು ಒಡೆಯಿರಿ

ಅವಿಭಾಜ್ಯವನ್ನು ಒಡೆಯಲು ಆಗುವುದಿಲ್ಲ. ಆದರೆ ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಒಡೆಯಬಹುದಲ್ಲ? ಅವಿಭಾಜ್ಯದ ಬಹಳಷ್ಟು ಗುಣಗಳು ಅಲ್ಲೇ ಅಡಗಿರುತ್ತವೆ.

2147483646 = 2 × (2³⁰ − 1) = 2 × (2¹⁵ − 1) × (2¹⁵ + 1) = 2 × 32767 × 32769.

32767 = 7 × 31 × 151. 32769 = 3 × 3 × 11 × 331. ಒಟ್ಟಿಗೆ ಬರೆದರೆ 2 × 3² × 7 × 11 × 31 × 151 × 331.

ಈಗ 7ರ ಘಾತಗಳ ಶೇಷಗಳನ್ನು ನೋಡಿ. 1ರಿಂದ ಶುರುಮಾಡಿ 7ರಿಂದ ಗುಣಿಸುತ್ತಾ ಹೋದರೆ ಮತ್ತೆ 1ಕ್ಕೆ ಬರಲು ಎಷ್ಟು ಹೆಜ್ಜೆ? ಫರ್ಮಾ ಪ್ರಕಾರ 2147483646 ಹೆಜ್ಜೆಗೆ ಖಂಡಿತ ಬರುತ್ತದೆ. ಅದಕ್ಕಿಂತ ಮೊದಲೇ ಬರುತ್ತದಾ? ಮೊದಲೇ ಬರುವುದಿದ್ದರೆ ಆ ಎಣಿಕೆ 2147483646 ಅನ್ನು ಭಾಗಿಸಬೇಕು. ಹಾಗಾಗಿ 2147483646 ಅನ್ನು ಒಂದು ಸಲ 2ರಿಂದ, ಒಂದು ಸಲ 3ರಿಂದ, ಹಾಗೇ 7, 11, 31, 151, 331ರಿಂದ ಭಾಗಿಸಿ ಏಳು ಘಾತಾಂಕ ಪಡೆಯಿರಿ. 7ರ ಆ ಏಳೂ ಘಾತಗಳ ಶೇಷ ನೋಡಿ. ಒಂದರಲ್ಲೂ 1 ಬರುವುದಿಲ್ಲ. ಅಂದರೆ 7 ಎಲ್ಲ ಶೇಷಗಳನ್ನೂ, ಒಂದನ್ನೂ ಬಿಡದೆ, ಸುತ್ತಿಬಂದೇ ಮನೆ ಸೇರುತ್ತದೆ. ಇಂಥ ಸಂಖ್ಯೆಗೆ ಪ್ರಿಮಿಟಿವ್ ರೂಟ್ ಅನ್ನುತ್ತಾರೆ. ಈ ಅವಿಭಾಜ್ಯದ ಮಟ್ಟಿಗೆ ಅವುಗಳಲ್ಲಿ ಅತಿ ಚಿಕ್ಕದು 7. 2 ಅಂತೂ 31 ಹೆಜ್ಜೆಗೇ ವಾಪಸ್ ಬರುತ್ತದೆ, ಅದು ಮೊದಲೇ ಗೊತ್ತಾಗಿದೆ.

ಭಾಗಿಸುವಾಗ ಪೈಥಾನ್‌ನಲ್ಲಿ ಎರಡು ಗೆರೆ (//) ಹಾಕಿ. ಒಂದೇ ಗೆರೆ ಹಾಕಿದರೆ ದಶಾಂಶ ಸಂಖ್ಯೆ ಬರುತ್ತದೆ, ಮುಂದಿನ ಲೆಕ್ಕ ಅದನ್ನು ಒಪ್ಪುವುದಿಲ್ಲ.

ಈ ಹಂತದ ಲಾಭ ಎರಡು. ಒಂದು, ಇದೇ ಇನ್ನೊಂದು ಸಾಧನೆ. ಸಂಯುಕ್ತ ಸಂಖ್ಯೆಯಲ್ಲಿ ಇಷ್ಟು ಉದ್ದದ ಸುತ್ತು ಸಾಧ್ಯವೇ ಇಲ್ಲ. ಅನುಮಾನ ಇದ್ದವರಿಗೆ 7 ಮತ್ತು ಆ ಏಳು ಅಪವರ್ತನಗಳನ್ನು ಕೊಟ್ಟರೆ ಸಾಕು, ಅವರೇ ತಾಳೆ ನೋಡಿಕೊಳ್ಳುತ್ತಾರೆ. ಎರಡು, ಇದರಿಂದ ಯದೃಚ್ಛಿಕ ಸಂಖ್ಯೆಗಳು, ಅಂದರೆ ಕ್ರಮವಿಲ್ಲದಂತೆ ಕಾಣುವ ಸಂಖ್ಯೆಗಳು ಹುಟ್ಟುತ್ತವೆ. 7⁵ = 16807 ಕೂಡ ಪೂರ್ತಿ ಸುತ್ತುತ್ತದೆ, ಯಾಕೆಂದರೆ 5 ಮೇಲಿನ ಅಪವರ್ತನಗಳ ಪಟ್ಟಿಯಲ್ಲಿಲ್ಲ. 1ರಿಂದ ಶುರುಮಾಡಿ 16807ರಿಂದ ಗುಣಿಸಿ ಶೇಷ ತೆಗೆಯಿರಿ: 16807, 282475249, 1622650073 … 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಇದನ್ನು ಕನಿಷ್ಠ ಗುಣಮಟ್ಟದ ವಿಧಾನ ಅಂತ ಮುಂದಿಟ್ಟರು. ತಾಳೆಗೆ ಒಂದು ಗುರುತನ್ನೂ ಕೊಟ್ಟರು: 10,000 ಹೆಜ್ಜೆ ಆದ ಮೇಲೆ 1043618065 ಬರಬೇಕು. ಸಿ++ ಭಾಷೆಯ ಲೈಬ್ರರಿಯಲ್ಲಿ ಇದು ಇವತ್ತಿಗೂ ಇದೆ. ಆದರೆ ಪಾಸ್‌ವರ್ಡ್, ಒಟಿಪಿಗೆಲ್ಲ ಇದನ್ನು ಮುಟ್ಟಬೇಡಿ. ಒಂದು ಸಂಖ್ಯೆ ಗೊತ್ತಾದರೆ ಮುಂದಿನದ್ದನ್ನು ಯಾರು ಬೇಕಾದರೂ ಹೇಳಬಹುದು.

ಹಂತ 8: ಅಕ್ಕಪಕ್ಕ ನೋಡಿ

ಒಂದಷ್ಟು ಗುಣಗಳನ್ನು ಬೇಗ ಬೇಗ ಪಟ್ಟಿ ಮಾಡಬಹುದು. ಎರಡು ಹಿಂದೆ 2147483645, ಐದರಿಂದ ಹೋಯಿತು. ಎರಡು ಮುಂದೆ 2147483649 = 3 × 715827883. ಹಾಗಾಗಿ ಇದಕ್ಕೆ ಅವಳಿ ಅವಿಭಾಜ್ಯ ಇಲ್ಲ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಇಷ್ಟು ದೊಡ್ಡ ಸಂಖ್ಯೆಗಳ ಆಸುಪಾಸಿನಲ್ಲಿ ಅವಿಭಾಜ್ಯಗಳ ನಡುವಿನ ಸರಾಸರಿ ಅಂತರ 21.5ರಷ್ಟು. 18 ಮತ್ತು 12 ಅಂದರೆ ನೆರೆಹೊರೆ ಸ್ವಲ್ಪ ಹತ್ತಿರವೇ ಆಯಿತು. 2ರಿಂದ ಎಣಿಸಿದರೆ ನಮ್ಮದು 10,50,97,565ನೇ ಅವಿಭಾಜ್ಯ. 4ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದಿಲ್ಲ. ಘಾತಾಂಕ 31 ಕೂಡ 2⁵ − 1, ಅಂದರೆ ಅದೂ ಮರ್ಸೆನ್ ಅವಿಭಾಜ್ಯವೇ.

ಸ್ವಲ್ಪ ನಿಲ್ಲಬೇಕಾದ್ದು ಪರಿಪೂರ್ಣ ಸಂಖ್ಯೆಯ ಹತ್ತಿರ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಪರಿಪೂರ್ಣ. 6 = 1 + 2 + 3, ಆಮೇಲೆ 28, 496. ಮರ್ಸೆನ್ ಅವಿಭಾಜ್ಯ ಸಿಕ್ಕಿದಾಗೆಲ್ಲ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ ಅಂತ ಯೂಕ್ಲಿಡ್ ಕಾಲದಿಂದ ಗೊತ್ತು. ನಮ್ಮದನ್ನು 2³⁰ರಿಂದ ಗುಣಿಸಿ: 2305843008139952128. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ಇವುಗಳಿಂದ ಉಪಯೋಗ ಏನೂ ಇಲ್ಲ, ಹಾಗಾಗಿ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಅಂತ ಬರೆದರು. ಜನ ಹುಡುಕುವುದನ್ನು ಬಿಟ್ಟರೆ ತಾನೇ! 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಅನ್ನುವ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. ಅದನ್ನು ಖಚಿತಪಡಿಸಿಕೊಂಡದ್ದೂ ಹಂತ 6ರ ಪರೀಕ್ಷೆಯಿಂದಲೇ.

ಹಂತ 9: ನಿಮ್ಮ ಸಂಖ್ಯೆಗೆ ಆಕಾರ ಇಲ್ಲದಿದ್ದರೆ

ಎಲ್ಲ ಸಂಖ್ಯೆಗೂ ಹೀಗೆ ಅಂದದ ರೂಪ ಇರುವುದಿಲ್ಲ. 2147483629 ತೆಗೆದುಕೊಳ್ಳಿ, ಅದಕ್ಕೆ ಲೂಕಾ–ಲೇಮರ್ ನಡೆಯುವುದಿಲ್ಲ. ಅಲ್ಲಿ ಮಿಲ್ಲರ್–ರಾಬಿನ್ ಪರೀಕ್ಷೆ ಬಳಸಿ. ಇದು ಫರ್ಮಾ ಪರೀಕ್ಷೆಯ ಗಟ್ಟಿಯಾದ ಆವೃತ್ತಿ. ಸಂಖ್ಯೆಯಿಂದ 1 ಕಳೆದು, ಬೆಸ ಸಂಖ್ಯೆ ಸಿಗುವ ತನಕ 2ರಿಂದ ಭಾಗಿಸಿ. ಆಧಾರಕ್ಕೆ ಆ ಬೆಸ ಘಾತ ಹಾಕಿ ಶೇಷ ತೆಗೆಯಿರಿ. 1 ಅಥವಾ ಸಂಖ್ಯೆಗಿಂತ ಒಂದು ಕಡಿಮೆ ಬಂದರೆ ಪಾಸು. ಇಲ್ಲದಿದ್ದರೆ ವರ್ಗ ಮಾಡುತ್ತಾ ಹೋಗಿ. ಎಷ್ಟು ಸಲ 2ರಿಂದ ಭಾಗಿಸಿದ್ದಿರೋ ಅದಕ್ಕಿಂತ ಒಂದು ಕಡಿಮೆ ಸಲ ಅವಕಾಶ. ನಡುವೆ "ಒಂದು ಕಡಿಮೆ" ಬಂದರೆ ಪಾಸು, ಬರದಿದ್ದರೆ ಸಂಯುಕ್ತ.

2, 3, 5, 7 ಈ ನಾಲ್ಕೂ ಆಧಾರಗಳಲ್ಲಿ ಪಾಸಾದ, 3215031751ಕ್ಕಿಂತ ಚಿಕ್ಕ ಸಂಖ್ಯೆ ಖಂಡಿತ ಅವಿಭಾಜ್ಯ. ಅಲ್ಲಿವರೆಗೆ ಇದು ಪೂರ್ತಿ ಸಾಧನೆಯೇ. ಆ ಗಡಿ ದಾಟಿದರೆ ಆಧಾರಗಳನ್ನು ಹೆಚ್ಚಿಸಬೇಕು. ನಮ್ಮ 2147483647ಕ್ಕೆ ಬೆಸ ಭಾಗ 1073741823. 2ಕ್ಕೆ ಶೇಷ 1 ಬರುತ್ತದೆ, 3, 5, 7ಕ್ಕೆ 2147483646 ಬರುತ್ತದೆ. ನಿಮ್ಮ ಪ್ರೋಗ್ರಾಂ ಸರಿಯಿದೆಯಾ ಅಂತ ನೋಡಲು ಈ ನಾಲ್ಕು ಉತ್ತರ ಬಳಸಿ. 2047 ಅನ್ನು ಬರೀ 2ರ ಆಧಾರದಲ್ಲಿ ಕೊಟ್ಟರೆ ಇಲ್ಲೂ ಪಾಸಾಗುತ್ತದೆ. ಅದಕ್ಕೇ ಒಂದೇ ಆಧಾರಕ್ಕೆ ನಿಲ್ಲಿಸಬೇಡಿ ಅನ್ನುವುದು.

ಯಾವ ಗಡಿಯೂ ಇಲ್ಲದೆ, ಯಾವ ಸಂಖ್ಯೆಗಾದರೂ, ಅನುಮಾನಕ್ಕೆ ಜಾಗ ಬಿಡದೆ ಬೇಗ ಉತ್ತರ ಕೊಡುವ ವಿಧಾನ ಇದೆಯಾ ಅಂತ ಕೇಳುವವರಿಗೆ: ಇದೆ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟರು. ಗಣಿತದ ದೃಷ್ಟಿಯಿಂದ ದೊಡ್ಡ ಸಾಧನೆ. ಆದರೆ ದಿನನಿತ್ಯದ ಬಳಕೆಗೆ ಮಿಲ್ಲರ್–ರಾಬಿನ್ ಇದಕ್ಕಿಂತ ತುಂಬ ವೇಗವಾಗಿ ಓಡುತ್ತದೆ.

ಗುಪ್ತಲಿಪಿ ಕೀಲಿಗೆ 2147483647 ಬಳಸಬಹುದಾ ಅಂತಲೂ ಕೇಳುತ್ತಾರೆ. ಬೇಡ. 2048 ಬಿಟ್‌ನ ಆರ್‌ಎಸ್‌ಎ ಕೀಲಿಗೆ ಸುಮಾರು 309 ಅಂಕಿಯ ಎರಡು ಅವಿಭಾಜ್ಯ ಬೇಕು, ಅವು ಯಾರಿಗೂ ಗೊತ್ತಿರಬಾರದು. ಮರ್ಸೆನ್ ಅವಿಭಾಜ್ಯ ಎಷ್ಟೇ ದೊಡ್ಡದಿದ್ದರೂ ಊರಿಗೆಲ್ಲ ಗೊತ್ತು.

ಅಭ್ಯಾಸಕ್ಕೆ ಒಂದು ಲೆಕ್ಕ. 3, 7, 31, 127 ಎಲ್ಲ ಅವಿಭಾಜ್ಯ. ಅವನ್ನೇ ಘಾತಾಂಕ ಮಾಡಿದರೆ ಸಿಗುವ 2³ − 1, 2⁷ − 1, 2³¹ − 1, 2¹²⁷ − 1 ಕೂಡ ಅವಿಭಾಜ್ಯ. ಹಾಗಾದರೆ 2147483647 ಅನ್ನೇ ಘಾತಾಂಕ ಮಾಡಿ ಒಂದು ಕಳೆದರೆ? ಬರುವ ಸಂಖ್ಯೆಗೆ 64 ಕೋಟಿಗೂ ಜಾಸ್ತಿ ಅಂಕಿ. ಅದನ್ನು ಬರೆಯಲು ಹೋಗಬೇಡಿ. ಹಂತ 4ರಲ್ಲಿ ಕಲಿತದ್ದನ್ನು ಬಳಸಿ. ಅದರ ಭಾಜಕ ಯಾವುದೇ ಇರಲಿ, 2 × 2147483647 × ಕ + 1 ರೂಪದಲ್ಲೇ ಇರಬೇಕು. ಕ = 68745 ಹಾಕಿ. 295257526626031 ಬರುತ್ತದೆ. ಈಗ ಆ ಪಿ-ಓ-ಡಬ್ಲ್ಯು ಫಂಕ್ಷನ್‌ಗೆ ಆಧಾರ 2, ಘಾತಾಂಕ 2147483647, ಭಾಜಕ 295257526626031 ಕೊಟ್ಟು ನೋಡಿ. ಶೇಷ 1 ಬಂದರೆ ಆ ದೈತ್ಯ ಸಂಖ್ಯೆ ಸಂಯುಕ್ತ. ಬರುತ್ತದೆ.